ಅರ್ಧ ಬೆರಳ ಇಳಿಜಾರು

ರಾತ್ರಿ ಪಾಳಿ ಮುಗಿಸಿ ಬಂದವಳಿಗೆ ಹಗಲೇ ಇರುಳು.
ಭಾಂಡುಪಿನ ಮೇ ತಿಂಗಳಲ್ಲಿ
ಪರದೆ ಎಳೆದು, ಏಸಿ ಹಾಕಿ, ಕಣ್ಣು ಮುಚ್ಚಿದರೆ
ಟಪ್.

ಎದ್ದು ನೋಡಿದೆ. ಗೋಡೆಯ ಮೇಲೊಂದು ಕಂದು ಗೆರೆ,
ಅದರ ತುದಿಯಲ್ಲಿ ಬೀಳಲೋ ಬೇಡವೋ ಎಂದು ನಿಂತ ಹನಿ.
ಹಾಲಿನ ಪಾತ್ರೆ ಇಟ್ಟೆ. ಟಣ್.
ಪಾತ್ರೆಯೊಳಗೆ ಹಳೇ ಟವೆಲು ಹಾಕಿದೆ.
ಸದ್ದಡಗಿತು, ಕಿವಿ ಅಡಗಲಿಲ್ಲ.

ಹದಿನಾರು ವರ್ಷದ ಅಭ್ಯಾಸ, ಬಿಡುತ್ತದೆಯೇ?
ಗಡಿಯಾರ ಹಿಡಿದು ಎಣಿಸಿದೆ:
ನಿಮಿಷಕ್ಕೆ ಇಪ್ಪತ್ತೆರಡು.
ವಾರ್ಡಿನಲ್ಲಾದರೆ ಪುಟ್ಟ ಚಕ್ರ ತಿರುವಿ
ಹದಿನೈದಕ್ಕೆ ಇಳಿಸುತ್ತಿದ್ದೆ.
ಇಲ್ಲಿ ತಿರುವಲು ಏನೂ ಇಲ್ಲ.

ನಾಲ್ಕನೆಯ ಫೋನಿಗೆ ಬಂದ ವಿಲಾಸ್ ಖರಾತ್,
ಹಿಂದೆ ಏಣಿ ಹೊತ್ತ ಹುಡುಗ.
‘ತಾಯೀ, ಸ್ವಿಚ್ ತೆಗೀರಿ’ ಅಂದ.
ಅವನ ಮರಾಠಿಯಲ್ಲಿ ಅದು ಅಕ್ಕ.
ನನ್ನ ಕಿವಿಗೆ ಮಾತ್ರ ಪ್ರತಿ ಸಲವೂ
ಒಂದು ಕ್ಷಣ ಅಮ್ಮ.

ಇಬ್ಬರೂ ಸೇರಿ ಪೆಟ್ಟಿಗೆಯನ್ನು ಖಾನೆಯಂತೆ ಎಳೆದರು.
ಗೋಡೆಯಲ್ಲಿ ಚೌಕ ತೂತು;
ಅದರೊಳಗಿಂದ ಬಿಸಿಗಾಳಿ, ಕಲ್ಯಾಣದ ಲೋಕಲ್ಲು,
ಎದುರು ಕಟ್ಟಡದಲ್ಲಿ ಹಲ್ಲುಜ್ಜುತ್ತಿದ್ದವನೊಬ್ಬ
ನನ್ನ ಮನೆಯೊಳಗೇ ನೋಡಿದ.
ಏಳು ವರ್ಷ ಅಲ್ಲಿದ್ದನೇ ಇವನು?

ಸ್ಕ್ರೂ ಬಿಚ್ಚಿ ತಟ್ಟೆ ಹೊರತೆಗೆದ ಖರಾತ್
ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ,
ನಮ್ಮ ಡಾಕ್ಟರು ಎಕ್ಸ್‌ರೇ ಹಿಡಿಯುವಂತೆ.
ಹೇಳುವುದೇನಿತ್ತು? ತುಕ್ಕಿನ ನಡುವೆ ಮೂರು ಬಿಳಿ ಚುಕ್ಕೆ.
ಮೂಲೆಯಲ್ಲಿ ಲೋಳೆ, ಪಾರಿವಾಳದ ಪುಕ್ಕ,
ಮತ್ತೊಂದು ಮೂಲೆಯಲ್ಲಿ ಯಾರೋ ಮೆತ್ತಿದ ಎಂ-ಸೀಲು;
ಕಲ್ಲಾದ ಆ ಮೆತ್ತಿನ ಮೇಲೆ
ಸ್ಪಷ್ಟವಾಗಿ ಒಂದು ಹೆಬ್ಬೆರಳ ಗುರುತು.
ನನ್ನ ಬೆರಳಿಟ್ಟು ನೋಡಿದೆ. ದೊಡ್ಡ ಕೈಯವನು.
ಅವನೂ ‘ಇನ್ನು ಸೋರಲ್ಲ’ ಅಂದಿರಬೇಕು.

‘ಮತ್ತೆ ಮೆತ್ತಲೇ? ಮಳೆಗಾಲ ದಾಟಬಹುದು.
ಹೊಸದು ಸಿಗೊಲ್ಲ, ಕಂಪನಿಯೇ ಮುಚ್ಚಿದೆ.
ಕುರ್ಲಾದ ಗುಜರಿಯಲ್ಲಿ ಹುಡುಕಿದರೆ
ಸತ್ತ ಮಷೀನಿನದು ಯಾವುದಾದರೂ ಹೊಂದೀತು.’
ಹೊಂದೀತು. ಆ ಮಾತಿಗೆ ಕಾದು ಕೂತವರನ್ನು
ನಿನ್ನೆ ರಾತ್ರಿಯೂ ನೋಡಿ ಬಂದವಳು ನಾನು.
ಹುಡುಕು ಅಂದೆ.

ಎರಡು ದಿನ ತೂತಿಗೆ ರಟ್ಟು. ಎರಡು ದಿನ ನಿದ್ದೆಯಿಲ್ಲ.
ರಟ್ಟಿನ ಆಚೆ ಪಾರಿವಾಳ ಸಂಸಾರ ಹೂಡುವ ಮಾತಾಡುತ್ತಿತ್ತು.

ಮೂರನೆಯ ದಿನ ತಟ್ಟೆ ಬಂತು,
ಅಂಚಿನಲ್ಲಿ ಯಾರ ಮಗುವೋ ಅಂಟಿಸಿದ ಅರ್ಧ ಚಿಟ್ಟೆಯೊಂದಿಗೆ.
ತುಸು ಉದ್ದ; ಖರಾತ್ ಅರದಿಂದ ಉಜ್ಜಿ ಉಜ್ಜಿ ಕೂರಿಸಿದ.
ಪಾತ್ರೆಯ ನೀರು ಚೆಲ್ಲಲು ಹೊರಟವಳಿಗೆ ಹೇಳಿದ:
‘ಇದು ಹೊರಗಿನ ನೀರಲ್ಲ ತಾಯಿ. ಈ ಕೋಣೆಯದೇ.
ಕುಕ್ಕರಿನ ಹಬೆ, ಒಣಗದ ಬಟ್ಟೆ, ನಿಮ್ಮ ಉಸಿರು.’
ಎರಡು ಲೀಟರ್ ಮೇಲಿತ್ತು.
ಒಬ್ಬಳೇ ಇರುವವಳು. ಇಷ್ಟೊಂದಾ?

ಕೊನೆಗೆ ಕೇಳಿದ್ದು ಒಂದು ಬಾಟಲಿ, ಅರ್ಧ ನೀರು.
ಪೆಟ್ಟಿಗೆಯ ನೆತ್ತಿಯ ಮೇಲೆ ಅಡ್ಡ ಮಲಗಿಸಿ
ಹಿಂಬದಿಯನ್ನು ಅರ್ಧ ಬೆರಳು ತಗ್ಗಿಸಿದ.
ಒಳಗಿನ ಗುಳ್ಳೆ ನಿಧಾನವಾಗಿ ನನ್ನತ್ತ ಬಂತು.
‘ಗುಳ್ಳೆ ಈ ಕಡೆ ಬಂದರೆ
ನೀರು ಆ ಕಡೆ ಹೋಯಿತು ಅಂತ ತಿಳಿಯಿರಿ.’
ಒಂದು ಸಾವಿರದ ನಾನೂರು ತಗೊಂಡ,
ಹಳೇ ತಟ್ಟೆಯನ್ನೂ ಒಯ್ದ, ಹೆಬ್ಬೆರಳ ಸಮೇತ.

ಸಂಜೆಗೇ ಬಾಗಿಲು ಬಡಿದರು ಕೆಳಗಿನ ಗಂಗರ್ ಬೆನ್.
ಬೈಗುಳಕ್ಕೆ ಸಿದ್ಧಳಾಗಿ ನಿಂತೆ.
‘ಮೂರು ತಿಂಗಳಿಂದ ನಿಮ್ಮ ನೀರು ಬರುತ್ತಿರಲಿಲ್ಲ,
ನನ್ನ ಮನಿಪ್ಲಾಂಟ್ ಒಣಗಿಹೋಗಿತ್ತು.
ಇವತ್ತು ಮತ್ತೆ ಬಂತು’ ಎಂದು
ಬಾಳೆಲೆ ಮುಚ್ಚಿದ ಢೋಕ್ಲಾ ಕೈಗಿಟ್ಟರು.

ಮರುದಿನ ಪರದೆ ಎಳೆದು ಮಲಗಿದೆ.
ಗೋಡೆ ಸುಮ್ಮನಿತ್ತು.
ಕಿಟಕಿಯಾಚೆ, ಒಂದು ಮಹಡಿ ಕೆಳಗೆ,
ಅವರ ಬಕೆಟಿನಲ್ಲಿ ಹನಿ.
ಎಣಿಸತೊಡಗಿದೆ.
ಹದಿನೈದರಿಂದಾಚೆ ನೆನಪಿಲ್ಲ.